ಸುರಪೆಟ್ಟಿಗೆಯೊಳಗಿನ ಚುರಮರಿ

ಪೇಟಿ ರಿಪೇರಿ ಮಾಡುವ ಇಮಾಮಸಾಬ ನಮ್ಮ ಕಟ್ಟೆಯ ಮೇಲೆ ಕೂತು, ನನ್ನ ಹಳೆಯ ಸುರಪೆಟ್ಟಿಗೆಯ ತಿರುಪು ಬಿಚ್ಚಿ, ಅದನ್ನು ಬೋರಲು ಹಾಕಿ ಎರಡು ಸಲ ಬಡಿದ. ಮೊದಲು ಧೂಳು ಬಿತ್ತು. ಆಮೇಲೆ ಒಂದು ಸತ್ತ ಜಿರಲೆ ಬಿತ್ತು. ಕಡೆಗೆ ನಾಲ್ಕು ಚುರಮರಿ ಕಾಳು ಬಿದ್ದವು.

"ಇಲಿ ಸಂಸಾರ ಹೂಡಿತ್ತು ನೋಡ್ರಿ ಹೆಡಮಾಸ್ತರ," ಎಂದ ಇಮಾಮಸಾಬ. "ಬುತ್ತಿ ಸೈತ ಕಟಗೊಂಡ ಬಂದೈತಿ."

ನಾನು ಆ ನಾಲ್ಕು ಕಾಳನ್ನು ಅಂಗೈಯಲ್ಲಿ ಹಾಕಿಕೊಂಡು ನೋಡಿದೆ. ಬಿಳುಪು ಹೋಗಿ ಹಳದಿಗೆ ತಿರುಗಿದ್ದವು. ಇಲಿ ತಂದದ್ದಲ್ಲವೆಂದು ನನಗೆ ಗೊತ್ತು. ಇಲಿ ತಂದಿದ್ದರೆ ತಿನ್ನದೆ ಬಿಡುತ್ತಿತ್ತೇ? ಇವು ಹದಿನೈದು ಹದಿನಾರು ವರ್ಷದ ಹಿಂದೆ ಧುಪದಾಳದ ಒಡ್ಡಿನ ಬಳಿ, ಹೊತ್ತು ಮುಳುಗುವ ಮುಂಚೆ, ಆಕಾಶದಿಂದ ಬಿದ್ದ ಕಾಳು. ಇಮಾಮಸಾಬನಿಗೆ ಹಾಗೆಂದು ಹೇಳಿದ್ದರೆ ಅವನು ಪೆಟ್ಟಿಗೆ ಬಿಟ್ಟು ನನ್ನ ತಲೆಯ ತಿರುಪು ನೋಡುತ್ತಿದ್ದ. ಕಾಳನ್ನು ಮುಷ್ಟಿಯಲ್ಲೇ ಇಟ್ಟುಕೊಂಡೆ.

ಸುರಪೆಟ್ಟಿಗೆ ಎಂದರೆ ನಿಮಗೆ ಗೊತ್ತಿರಬೇಕು. ಸಣ್ಣ ಟ್ರಂಕಿನಷ್ಟು ಕಟ್ಟಿಗೆಯ ಡಬ್ಬಿ, ಅದಕ್ಕೊಂದು ತಿದಿ. ತಿದಿ ಒತ್ತುತ್ತಿದ್ದರೆ ಒಂದೇ ಸುರ ಎಳೆದಂತೆ ಹೊರಡುತ್ತದೆ. ಹಾಡುವವರು, ಬಾರಿಸುವವರು ಆ ಸುರ ಹಿಡಿದುಕೊಂಡು ಎಲ್ಲೆಲ್ಲಿಗೋ ಹೋಗಿ ಬರುತ್ತಾರೆ. ಒತ್ತುವವನು ಮಾತ್ರ ಕೂತಲ್ಲೇ ಕೂತಿರುತ್ತಾನೆ. ಕಛೇರಿ ಮುಗಿದ ಮೇಲೆ ಹಾಡಿದವನಿಗೆ ಹಾರ ಬೀಳುತ್ತದೆ, ತಬಲಾದವನಿಗೂ ಒಂದು ಬೀಳುತ್ತದೆ. ಒತ್ತಿದವನಿಗೆ ಪೆಟ್ಟಿಗೆ ಹೊತ್ತುಕೊಂಡು ಹೋಗುವ ಕೆಲಸ ಬೀಳುತ್ತದೆ. ನಾನು ಆ ಜಾತಿಯವನು.

ಪೆಟ್ಟಿಗೆ ಈಗ ರಿಪೇರಿಗೆ ಬಂದದ್ದಕ್ಕೆ ಕಾರಣ ನಮ್ಮ ಸಾಲೆಯ ಮಕ್ಕಳು. ಸ್ವರಾಜ್ಯ ಬಂದು ವರ್ಷ ತುಂಬುತ್ತ ಬಂತು. ಝೆಂಡಾ ಏರಿಸುವ ದಿನ ಹಾಡಬೇಕು. ಐವತ್ತು ಮಕ್ಕಳು ಐವತ್ತು ಸುರ ಹಿಡಿದು ಹೊರಡುತ್ತಾರೆ. ಕೇಳಿದರೆ ಸಂತೆಯಲ್ಲಿ ದನ ಬಿಟ್ಟ ಹಾಗಿರುತ್ತದೆ. ಅವರ ಕಿವಿಗೆ ಒಂದು ಗೂಟ ಬೇಕಾಗಿತ್ತು. ಅಟ್ಟದ ಮೇಲಿದ್ದ ಈ ಪೆಟ್ಟಿಗೆ ನೆನಪಾಯಿತು. ಇಳಿಸಿ ಒತ್ತಿದರೆ ಗಾಳಿ ಬಂತೇ ಹೊರತು ಸುರ ಬರಲಿಲ್ಲ.

ಚುರಮರಿಯ ಮಾತು ಹೇಳುವ ಮೊದಲು ಅಕ್ಕಿಕಾಳಿನ ಮಾತು ಹೇಳಬೇಕು. ನಮ್ಮ ಕಡೆ ಲಗ್ನ ಆಯಿತೇ ಎಂದು ಯಾರೂ ಕೇಳುವುದಿಲ್ಲ, ಅಕ್ಕಿಕಾಳು ಬಿದ್ದವೇ ಎಂದು ಕೇಳುತ್ತಾರೆ. ಚಿಕ್ಕವನಿದ್ದಾಗ ನನ್ನ ಅವ್ವ ಲಗ್ನದ ಹಂದರದಲ್ಲಿ ನನ್ನನ್ನು ತೊಡೆಯ ಮೇಲೆ ಕೂಡಿಸಿಕೊಂಡು, ಅರಿಷಿಣದ ಅಕ್ಕಿಯನ್ನು ನನ್ನ ಮುಷ್ಟಿಯಲ್ಲಿ ತುಂಬಿ, "ವಾಜಂತ್ರಿ ಜೋರ್ ಆದಾಗ ಒಗಿ, ಅಲ್ಲೀತನಕ ಕೈ ಬಿಚ್ಚಬ್ಯಾಡ," ಎನ್ನುತ್ತಿದ್ದಳು. ಅಯ್ಯನವರು ಮಂತ್ರ ಹೇಳುತ್ತಲೇ ಇರುತ್ತಿದ್ದರು. ಮುಷ್ಟಿ ಬೆವರುತ್ತಿತ್ತು. ಅಕ್ಕಿಯ ವಾಸನೆ, ಅರಿಷಿಣದ ವಾಸನೆ, ಅವ್ವನ ಇಳಕಲ್ ಸೀರೆಯ ಹೊಸ ಗಂಜಿಯ ವಾಸನೆ. ನನಗೆ ನಿದ್ದೆ ಬರುತ್ತಿತ್ತು. ನಿದ್ದೆಯೊಳಗೆ ಒಂದೊಂದೇ ಕಾಳು ಬಾಯಿಗೆ ಹೋಗುತ್ತಿತ್ತು. ಒಮ್ಮೆಲೇ ಸನಾದಿ ಏರುತ್ತಿತ್ತು, ಸಂಬಾಳ ಗುಡುಗುತ್ತಿತ್ತು, ಹಂದರದ ತುಂಬ ಹಳದಿ ಮಳೆ. ನಾನು ಬೆಚ್ಚಿ ಎದ್ದು ಮುಷ್ಟಿ ಬಿಚ್ಚುವಷ್ಟರಲ್ಲಿ ಮಳೆ ನಿಂತಿರುತ್ತಿತ್ತು. ಉಳಿದ ಐದಾರು ಕಾಳು ಒಗೆದರೆ ಮುಂದೆ ಕೂತ ಯಾರದೋ ಬೋಳುತಲೆಗೆ ಬಿದ್ದು, ಅವರು ಹೊರಳಿ ನೋಡುತ್ತಿದ್ದರು.

"ಈ ಹುಡುಗಂದು ಯಾವಾಗಲೂ ತಡಾನ," ಎಂದು ಅವ್ವ ನಗುತ್ತಿದ್ದಳು. ಆ ಮಾತು ನನ್ನ ಬೆನ್ನು ಬಿಟ್ಟಿಲ್ಲ. ನನ್ನ ಲಗ್ನದಲ್ಲೂ ವಾಜಂತ್ರಿ ಏರಿದಾಗ ನಾನು ಯಾಕೆಂದು ಕತ್ತೆತ್ತಿ ನೋಡಿದೆನಂತೆ. ನನ್ನ ಹೆಂಡತಿ ಗೌರವ್ವ ಇದನ್ನು ಇವತ್ತಿಗೂ ಹೇಳುತ್ತಾಳೆ. ಅವಳು ಹೇಳಿದ ಮೇಲೆ ಖರೆ ಇರಲೇಬೇಕು.

ಇನ್ನು ಸಿದ್ರಾಮ ಮಾಸ್ತರರ ವಿಷಯ. ನಾನು ಗೋಕಾವಿಯ ಸಾಲೆಗೆ ಮಾಸ್ತರನಾಗಿ ಹೊಸದಾಗಿ ಸೇರಿದಾಗ ಅವರು ಮೂರನೆಯ ಇಯತ್ತೆಗೆ ಮಗ್ಗಿ ಕಲಿಸುತ್ತಿದ್ದರು. ಎತ್ತರದ ಆಳು, ಧೋತರದ ಚುಂಗು ಯಾವಾಗಲೂ ಒಂದು ಕಡೆ ಜೋಲುತ್ತಿತ್ತು. ಪಿಟೀಲು ಬಾರಿಸುತ್ತಿದ್ದರು. ಮಕ್ಕಳು ಹದಿಮೂರರ ಮಗ್ಗಿ ಹೇಳುವಾಗ ಕಣ್ಣು ಮುಚ್ಚಿ ತಾಳ ಹಾಕುತ್ತಿದ್ದರು; ಮಕ್ಕಳು ತಪ್ಪು ಹೇಳಿದರೂ ತಾಳಕ್ಕೆ ಸರಿಯಿದ್ದರೆ ಬಿಟ್ಟುಬಿಡುತ್ತಿದ್ದರು. ಅವರ ಕೈಯಲ್ಲಿ ಕಲಿತ ಒಬ್ಬ ಈಗ ಕಿರಾಣಿ ಅಂಗಡಿ ಇಟ್ಟಿದ್ದಾನೆ. ಹದಿಮೂರರ ಲೆಕ್ಕ ಬಂದರೆ ಗಿರಾಕಿಯನ್ನೇ ಕೇಳುತ್ತಾನೆ.

ಮಾಸ್ತರರು ಎಳೆಯ ವಯಸ್ಸಿನಲ್ಲಿ ಒಮ್ಮೆ ಮುಂಬಯಿಗೆ ಹೋಗಿದ್ದರು. ಅಲ್ಲಿ ಒಂದು ಹೂದೋಟದಲ್ಲಿ ಸಾಹೇಬರ ದೊಡ್ಡ ವಾದ್ಯಮೇಳ ನಡೆದಿತ್ತಂತೆ. ಐವತ್ತು ಅರವತ್ತು ಮಂದಿ ಸಾಲಾಗಿ ಕೂತು, ಒಬ್ಬ ಕೋಲು ಆಡಿಸಿದ ಹಾಗೆ ಬಾರಿಸುತ್ತಿದ್ದರು. ಇವರಿಗೆ ಒಳಗೆ ಹೋಗುವ ಹಕ್ಕಿಲ್ಲ. ಕಬ್ಬಿಣದ ಕಟಾಂಜನದ ಹೊರಗೆ ನಿಂತು ಕೇಳಿದರು. ಕೊನೆಗೆ ಯಾವುದೋ ಒಂದು ಚೀಜು ಸುರುವಾದ ಕೂಡಲೇ ಕೂತ ಸಾಹೇಬರೆಲ್ಲ ಎದ್ದು ನೆಟ್ಟಗೆ ನಿಂತರಂತೆ. ತಿನ್ನುತ್ತಿದ್ದವರು ತಿನ್ನುವುದನ್ನು ಬಿಟ್ಟರಂತೆ. ಅದು ಅವರ ದೇಶದ ಸಂಗೀತವೆಂದು ಬಾಜೂದಲ್ಲಿದ್ದ ಯಾರೋ ಹೇಳಿದರು.

"ಎಲ್ಲಾರೂ ಎದ್ದು ನಿಂತ್ರೋ ತಮ್ಮಾ," ಎಂದು ಮಾಸ್ತರರು ನನಗೆ ಹತ್ತು ಸಲವಾದರೂ ಹೇಳಿರಬೇಕು. "ನಾ ಕಟಾಂಜನದ ಹೊರಗ ಮೊದಲ ನಿಂತಾಂವ. ಮತ್ತೇನ ನಿಲ್ಲಲಿ? ಆವಾಗ ಅನಿಸ್ತು, ನಮ್ಮ ಮಂದಿ ಎದ್ದು ನಿಲ್ಲೂವಂಥಾ ಚೀಜು ಎಲ್ಲೈತಿ ಅಂತ."

ಅದು ಎಲ್ಲೂ ಇರಲಿಲ್ಲವಾದ್ದರಿಂದ ತಾವೇ ಕಟ್ಟಲು ಕೂತರು. ನಾಲ್ಕು ವರ್ಷ ಕಟ್ಟಿದರು. ರವಿವಾರ ಬಂತೆಂದರೆ ಹಳ್ಳಿ ಹಳ್ಳಿ ತಿರುಗುವುದು. ಬೀಸುವ ಕಲ್ಲಿನ ಮುಂದೆ ಹೆಣ್ಣುಮಕ್ಕಳು ಹಾಡುವ ಧಾಟಿ, ಕುರಿ ಕಾಯುವವರು ಸಂಜೆ ಮಂದೆಯನ್ನು ಕರೆಯುವ ದನಿ, ತೊಟ್ಟಿಲ ಧಾಟಿ, ರಾಶಿ ಮಾಡುವಾಗಿನ ಧಾಟಿ, ಹೀಗೆ ಕಿವಿಗೆ ಬಿದ್ದದ್ದನ್ನೆಲ್ಲ ಸ್ವರ ಹಾಕಿ ಬರೆದುಕೊಳ್ಳುವುದು. ನಾನೂ ಬೆನ್ನು ಹತ್ತಿ ಹೋಗುತ್ತಿದ್ದೆ. ಆ ದಿನಗಳು ನನಗೆ ಈಗ ಒಂದೇ ಉದ್ದನೆಯ ಮಧ್ಯಾಹ್ನದ ಹಾಗೆ ಕಾಣುತ್ತವೆ. ಎರಡೂ ಕಡೆ ಜೋಳ, ನಡುವೆ ದಾರಿ, ಮುಂದೆ ಮಾಸ್ತರರ ಧೋತರದ ಚುಂಗು ಧೂಳಿನಲ್ಲಿ ಗೆರೆ ಎಳೆಯುತ್ತ ಹೋಗುವುದು. ಎಲ್ಲಿಂದ ಹೊರಟೆವು, ಎಲ್ಲಿಗೆ ಮುಟ್ಟಿದೆವು ಎಂಬುದು ನೆನಪಿಲ್ಲ.

ನನಗೂ ಪಿಟೀಲು ಕಲಿಸಿದರು. ಆರು ತಿಂಗಳು ತಾಳಿಕೊಂಡರು. ಆಮೇಲೆ ಒಂದು ದಿನ ನನ್ನ ಕೈಯಿಂದ ಕಮಾನು ಮೆಲ್ಲಗೆ ತೆಗೆದುಕೊಂಡು, "ನಿನ್ನ ಕಿವಿ ಭಾಳ ಛಲೋ ಅದಾವ ತಮ್ಮಾ. ಕೈ ಅಷ್ಟ ಕಿವಿ ಮಾತ ಕೇಳೂದಿಲ್ಲ," ಎಂದು ಈ ಸುರಪೆಟ್ಟಿಗೆ ಕೊಟ್ಟರು. ವಾದ್ಯವೃಂದದಲ್ಲಿ ನನಗೆ ಜಾಗ ಸಿಕ್ಕಿತೆಂದು ಮನೆಯಲ್ಲಿ ಹೇಳಿದೆ. ಗೌರವ್ವ ಆಗ ಹೊಸದಾಗಿ ಬಂದವಳು.

"ಏನ ಬಾರಸ್ತೀರಿ?" ಎಂದಳು.

"ಒಂದ ಸುರ."

"ಒಂದ ಸುರ ಊದಾಕ ಅಲ್ಲೀತನಕ ಯಾಕ ಹೋಗ್ತೀರಿ? ಮನ್ಯಾಗ ಕುಂತ್ರ ಒಲೀನರೆ ಊದಬಹುದಿತ್ತು."

ಮಾಸ್ತರರ ಮೇಳಕ್ಕೆ ಮೂರು ಪಿಟೀಲು ಗೋಕಾವಿಯಲ್ಲೇ ಸಿಕ್ಕವು. ಯಮಕನಮರಡಿಯ ಬ್ಯಾಂಡಿನವನೊಬ್ಬ ಕ್ಲಾರಿನೆಟ್ ತಂದ. ಹುಕ್ಕೇರಿ ಕಡೆಯಿಂದ ಬಾಳಪ್ಪನೆಂಬ ಕುರುಬರ ಹಿರಿಯ ನಾಲ್ಕು ಡೊಳ್ಳು, ನಾಲ್ಕು ಆಳು ಕರೆದುಕೊಂಡು ಬಂದ. ಸನಾದಿಗೆ ಮಾತ್ರ ಮಾಸ್ತರರಿಗೆ ಮೂಡಲಗಿಯ ಭೀಮಪ್ಪನೇ ಬೇಕಾಗಿತ್ತು. ಅವನ ಸನಾದಿ ಇಲ್ಲದೆ ಮೂಡಲಗಿ ಸುತ್ತಿನಲ್ಲಿ ಯಾರಿಗೂ ಲಗ್ನವಾದಂತೆ ಅನಿಸುತ್ತಿರಲಿಲ್ಲ. ಕಪ್ಪು ಮೈ, ಬೆಳ್ಳಿ ಕಡಗ, ಮಾತು ಕಡಿಮೆ. ಮಾಸ್ತರರು ಮುಂಬಯಿಯ ಸಾಹೇಬನ ಹಾಗೆ ಒಂದು ಸಣ್ಣ ಬೆತ್ತ ಹಿಡಿದು, ಎಲ್ಲರೂ ಸಾಲಾಗಿ ಕೂಡಬೇಕು, ಬೆತ್ತ ಆಡಿಸಿದಂತೆ ಬಾರಿಸಬೇಕು ಎಂದು ಮೊದಲ ದಿನವೇ ವಿವರಿಸಿದರು.

ಭೀಮಪ್ಪ ಬೆತ್ತವನ್ನೇ ನೋಡುತ್ತಿದ್ದ. "ಬಡಿಗಿ ತೋರಿಸಿ ಕುಂದರ್ಸಾಕ ನಾ ಏನ ಎಮ್ಮೇನ್ರಿ?" ಎಂದ.

ಮಾಸ್ತರರು ಬೆತ್ತವನ್ನು ಕಂಬಕ್ಕೆ ಆನಿಸಿಟ್ಟರು. ಮತ್ತೆ ಅದನ್ನು ಮುಟ್ಟಲಿಲ್ಲ.

"ನಂದ ನಡಕೋಂತ ಬಾರಸೂದ ರೀ ಮಾಸ್ತರ," ಎಂದು ಭೀಮಪ್ಪ ಮತ್ತೆ ಹೇಳಿದ. "ಹಿಂದ ಮದುಮಗ ಇರತಾನ, ಮುಂದ ಹೆಣ್ಣಿನ ಮನಿ ಇರತೈತಿ. ಇಲ್ಲಿ ಯಾರ ಮನೀಗೆ ಬಾರಸೂದು?"

"ಇದು ನಾಡಿಂದೋ ಭೀಮಪ್ಪ. ಇಡೀ ನಾಡಿನ ಸಂಗೀತ."

"ನಾಡ ಅಂದ್ರ ಯಾರ ಮನಿರಿ?"

ಮಾಸ್ತರರು ಬಾಯಿ ತೆರೆದರು. ಅವರಿಗೆ ಎಂಟು ಸಾಲು ಭಾಷಣ ಬರುತ್ತಿತ್ತು, ನಾನೇ ಕೇಳಿದ್ದೆ. ಆದರೆ ಭೀಮಪ್ಪನ ಮುಖ ನೋಡಿ ಅದೊಂದೂ ಹೊರಡಲಿಲ್ಲ. "ಆಮ್ಯಾಗ ಹೇಳತೇನಿ," ಎಂದರು. ಭೀಮಪ್ಪ ತಲೆಯಾಡಿಸಿ ಗೋಣಿತಟ್ಟಿನ ಮೇಲೆ ಕೂತ. ಕೂಡುವುದು ಅವನಿಗೆ ಒಗ್ಗಲೇ ಇಲ್ಲ. ಆಗಾಗ ಒಂದು ಮೊಣಕಾಲು ತಾನಾಗಿಯೇ ಏಳುತ್ತಿತ್ತು.

ಮತ್ತೊಂದು ತೊಡಕು ಬಂತು. ಸನಾದಿಯ ಸುರ ಹುಟ್ಟಿದ್ದು ಹುಟ್ಟಿದ ಹಾಗೆಯೇ. ಅದನ್ನು ಏರಿಸಲು ಇಳಿಸಲು ಬಾರದು. ಭೀಮಪ್ಪನ ಸನಾದಿಯೋ ಹಾರ್ಮೋನಿಯಂ ಪೇಟಿಯ ಎರಡು ಮನೆಗಳ, ಎಂದರೆ ಎರಡು ಪಟ್ಟಿಗಳ, ನಡುವೆ ಎಲ್ಲೋ ಇತ್ತು. ಮೇಳಕ್ಕೆ ಬಂದಿದ್ದ ಪೇಟಿ ಬಾರಿಸುವವ ಸಿಟ್ಟು ಮಾಡಿಕೊಂಡು ಹೋದ. ಕ್ಲಾರಿನೆಟಿನವ ಜಗ್ಗಿ ತಿರುವಿ ಹೊಂದಿಕೊಂಡ. ಪಿಟೀಲು ಹೇಗೂ ಹೊಂದುತ್ತವೆ. ಉಳಿದದ್ದು ನನ್ನ ಪೆಟ್ಟಿಗೆ. ಮಾಸ್ತರರು ಅದರೊಳಗಿನ ಹಿತ್ತಾಳೆಯ ನಾಲಿಗೆಯನ್ನು ಒಂದು ಇಡೀ ದಿನ ಅರದಿಂದ ತಿಕ್ಕಿ ತಿಕ್ಕಿ ಸನಾದಿಗೆ ಕೂಡಿಸಿದರು. ಹಾಗಾಗಿ ನನ್ನ ಪೆಟ್ಟಿಗೆಯ ಸುರ ಜಗತ್ತಿನಲ್ಲಿ ಭೀಮಪ್ಪನಿಗೆ ಬಿಟ್ಟರೆ ಮತ್ತಾರಿಗೂ ಹೊಂದದ ಸುರವಾಯಿತು. ತಿಕ್ಕುವಾಗ ಸುರದ ಗುಂಡಿಯ ಸ್ಪ್ರಿಂಗೂ ಸಡಿಲಾಯಿತು. ಬಲಗೈಯಿಂದ ತಿದಿ ಒತ್ತಬೇಕು, ಎಡಗೈ ಹೆಬ್ಬೆರಳಿಂದ ಗುಂಡಿ ಹಿಡಿದಿರಬೇಕು; ಒಂದನ್ನು ಬಿಟ್ಟರೂ ಸುರ ನಿಲ್ಲುತ್ತದೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಗೋಕಾವಿ, ಹುಕ್ಕೇರಿ, ಮೂಡಲಗಿ ಮೂರೂ ಕಡೆಯವರಿಗೆ ನಡುವೆ ಆಗಲೆಂದು ಧುಪದಾಳದ ಒಡ್ಡಿನ ಹತ್ತಿರದ ಬಯಲನ್ನು ಗೊತ್ತು ಮಾಡಿದೆವು. ಪರವಾನಗಿಗೆ ಮಾಮಲೇದಾರರ ಕಡೆಗೆ ಹೋದರೆ, ಆ ದಿನಗಳಲ್ಲಿ ನಾಡು ದೇಶ ಎಂಬ ಮಾತು ಕೇಳಿದರೇ ಕಚೇರಿಗೆ ನೆಗಡಿ ಬರುತ್ತಿತ್ತು. ಹಾಡು ಕೂಡದು, ಭಾಷಣ ಕೂಡದು, ಝೆಂಡಾ ಕೂಡದು, ಜಯಕಾರ ಕೂಡದು. ಬಾಯಿ ಮುಚ್ಚಿಕೊಂಡು ಬರೇ ಬಾರಿಸುವುದಾದರೆ ಅಡ್ಡಿ ಇಲ್ಲ ಎಂದರು. ಮಾಸ್ತರರು ಸಂತೋಷದಿಂದ ಒಪ್ಪಿಕೊಂಡರು. ಅವರ ಚೀಜಿಗೆ ಮಾತೇ ಇರಲಿಲ್ಲ.

ಹಿಂದಿನ ದಿನ ನಾವಿಬ್ಬರೂ ಒಡ್ಡಿನ ಮೇಲೆ ಕಾಲು ಇಳಿಬಿಟ್ಟು ಕೂತಿದ್ದೆವು. ನೀರು ತೆಳ್ಳಗೆ ಇಳಿಯುತ್ತಿತ್ತು. ಮಾಸ್ತರರು, "ನಾಳೆ ಕಡೀಗೆ ಸನಾದಿ ಮೂರ ಸುರ ಏರಿ ನಿಲ್ಲತೈತಿ ನೋಡು, ಅಲ್ಲಿ ಮಂದಿ ಏಳಬೇಕು. ಯಾರೂ ಹೇಳದ ಏಳಬೇಕು. ಎದ್ರ ನಮಗೂ ಒಂದು ನಾಡು ಐತಿ ಅಂತ. ಏಳದಿದ್ರ ನಾ ಈ ಹುಚ್ಚ ಬಿಟ್ಟು ಮಗ್ಗಿ ಕಲಸ್ಕೋಂತ ಇರತೇನಿ," ಎಂದರು. ನಗಲಿಲ್ಲ. ನಾಲ್ಕು ವರ್ಷದ ಆ ಚುಂಗಿನ ಗೆರೆಗಳೆಲ್ಲ ಕಣ್ಣ ಮುಂದೆ ಬಂದವು.

ಮಾರನೆಯ ದಿನ ಮಂದಿ ಬಂದದ್ದು ನೋಡಿ ನಮಗೇ ಗಾಬರಿ. ಚಕ್ಕಡಿ ಕಟ್ಟಿಕೊಂಡು, ನಡೆದುಕೊಂಡು, ಮಕ್ಕಳನ್ನು ಹೆಗಲ ಮೇಲೆ ಕೂಡಿಸಿಕೊಂಡು ಬಂದರು. ಅವರ ಹಿಂದೆಯೇ ಚುರಮರಿ ಮಾರುವವರು ಬಂದರು. ಎಲ್ಲರ ಉಡಿಯಲ್ಲೂ ಚುರಮರಿ. ಗೌರವ್ವನೂ ನೆರೆಮನೆಯವರ ಜೊತೆ ಬಂದು ಮುಂದಿನ ಸಾಲಿನಲ್ಲೇ ಕೂತಳು. ಗಂಡ ಒಂದು ಸುರ ಹೇಗೆ ಊದುತ್ತಾನೋ ನೋಡಬೇಕಾಗಿತ್ತು ಅವಳಿಗೆ. ಒಂದು ಬದಿಗೆ ಫೌಜದಾರರು ಕುರ್ಚಿ ಹಾಕಿಸಿಕೊಂಡು, ತೊಡೆಯ ಮೇಲೆ ನೋಟಬುಕ್ಕು ಇಟ್ಟು, ಪೆನ್ಸಿಲು ಚೂಪು ಮಾಡಿ ಕೂತರು. ಅವರೂ ಈ ಕಡೆಯವರೇ. ಅವರ ಹಿಂದೆ ಇಬ್ಬರು ಪೊಲೀಸರು.

ಹೊತ್ತು ಇಳಿಯುತ್ತಿತ್ತು. ಮಾಸ್ತರರು ಬರಿಗೈ ಎತ್ತಿದರು. ನಾನು ಎಲ್ಲರಿಗಿಂತ ಮೊದಲು ಸುರ ಹಿಡಿದೆ.

ಆಮೇಲಿನದನ್ನು ನಾನು ಸರಿಯಾಗಿ ಹೇಳಲಾರೆ. ಒಂದೇ ಸುರವನ್ನು ಬಹಳ ಹೊತ್ತು ಹಿಡಿದವನಿಗೆ ಎಚ್ಚರಕ್ಕೂ ನಿದ್ದೆಗೂ ನಡುವಿನ ಒಂದು ಜಾಗ ಸಿಗುತ್ತದೆ. ಸಣ್ಣವನಿದ್ದಾಗ ಬೆಳಗಿನ ಜಾವ ಅವ್ವ ಬೀಸುವ ಸದ್ದು ಕೇಳುತ್ತ, ಕೌದಿಯೊಳಗೆ ನಾನಿರುತ್ತಿದ್ದ ಜಾಗ ಅದೇ. ಪಿಟೀಲುಗಳು ಬೀಸುವ ಕಲ್ಲಿನ ಧಾಟಿ ಎತ್ತಿದಾಗ ನನಗೆ ಹಿಟ್ಟಿನ ವಾಸನೆ ಬಂತು. ಡೊಳ್ಳು ಎಷ್ಟು ಮೆಲ್ಲಗೆ ಹತ್ತಿತೆಂದರೆ ಅದು ನೆಲದೊಳಗಿಂದ ಬರುತ್ತಿದೆ ಅನಿಸಿತು. ಒಡ್ಡಿನ ನೀರೂ ನನ್ನ ಸುರಕ್ಕೇ ಬೀಳುತ್ತಿತ್ತು, ಹಾಗೆಂದು ನಾನು ನಂಬಿದ್ದೇನೆ. ಬಿಸಿಲು ಕೆಂಪಾಗಿ ನೀರಿನ ಮೇಲೆ, ಧೂಳಿನ ಮೇಲೆ, ಭೀಮಪ್ಪನ ಕಡಗದ ಮೇಲೆ ಬಿದ್ದಿತ್ತು. ಕುರಿಯವರು ಮಂದೆ ಕರೆಯುವ ದನಿಯನ್ನು ಕ್ಲಾರಿನೆಟ್ ತೆಗೆದಾಗ ಎಲ್ಲೋ ದೂರದ ಹೊಲದಲ್ಲಿ ಖರೆಖರೆ ಕುರಿಯೊಂದು ಉತ್ತರ ಕೊಟ್ಟಿತು. ಬಾಳಪ್ಪ ಡೊಳ್ಳು ಬಿಡದೆಯೇ ಮುಗುಳ್ನಕ್ಕ.

ಹೆಂಗಸರ ನಡುವಿನಿಂದ ಸಣ್ಣಗೆ ಗುಂಯ್‌ಗುಡುವುದು ಕೇಳಿಸಿತು. ಬೀಸುವ ಧಾಟಿ ಹಿಡಿದು ಒಬ್ಬ ಮುದುಕಿ ತಲೆ ತೂಗುತ್ತಿದ್ದಳು. ಫೌಜದಾರರ ಪೆನ್ಸಿಲು ಎದ್ದಿತು.

"ಯಮ್ಮಾ, ಹಾಡೂದಕ್ಕ ಪರವಾನಗಿ ಇಲ್ಲಬೇ."

"ನಾ ಎಲ್ಲಿ ಹಾಡೇನೋ ಯಪ್ಪಾ? ಬಾಯಿ ಮುಚ್ಚೇತಿ ನೋಡು. ಮೂಗಿನ್ಯಾಗ ಅಂತೇನಿ."

ಮೂಗಿಗೆ ಹುಕುಮಿನಲ್ಲಿ ಏನೂ ಬರೆದಿರಲಿಲ್ಲ. ಪೆನ್ಸಿಲು ಕೆಳಗಿಳಿಯಿತು. ಸ್ವಲ್ಪ ಹೊತ್ತಿಗೆ ನೂರು ಮೂಗು ಆ ಧಾಟಿ ಹಿಡಿದಿದ್ದವು.

ಕಡೆಯ ಭಾಗ ಬಂತು. ಪಿಟೀಲು ನಿಂತವು, ಕ್ಲಾರಿನೆಟ್ ನಿಂತಿತು. ನನ್ನ ಸುರ, ಅದರ ಮೇಲೆ ಸನಾದಿ, ಅಷ್ಟೇ. ಸನಾದಿ ಒಂದು ಸುರ ಏರಿತು. ಮಾಸ್ತರರ ಕೈ ಏರಿತು. ಎರಡನೆಯದು ಏರಿತು. ಮೂರನೆಯದಕ್ಕೆ ಮುಟ್ಟಿ ಅಲ್ಲೇ ನಿಲ್ಲಬೇಕು. ನಿಂತರೆ ಮಂದಿ ಏಳಬೇಕು.

ಭೀಮಪ್ಪ ನಿಲ್ಲಲಿಲ್ಲ. ಅವನ ಮೊಣಕಾಲು ಎದ್ದಿತು, ಆಮೇಲೆ ಅವನೇ ಎದ್ದ. ಗೋಣಿತಟ್ಟು ದಾಟಿ, ಮಾಸ್ತರರನ್ನು ದಾಟಿ, ಕೆನ್ನೆ ಉಬ್ಬಿಸಿ, ಕಣ್ಣು ಮುಚ್ಚಿ ಮಂದಿಯ ಕಡೆಗೆ ನಡೆಯತೊಡಗಿದ. ಮೂರನೆಯ ಸುರ ಮುಟ್ಟಿದ್ದೇ ಅದನ್ನು ಹಿಡಿದು ಅಕ್ಕಿಕಾಳು ಬೀಳುವ ಹೊತ್ತಿನ ವಾಜಂತ್ರಿಗೆ ಜಿಗಿದ. ಅವನ ಸನಾದಿ ಕೇಳಿದ ಬಾಳಪ್ಪನ ಡೊಳ್ಳು ಸುಮ್ಮನಿರುವುದೇ? ನಾಲ್ಕೂ ಒಮ್ಮೆಲೇ ಗುಡುಗಿದವು.

ಒಬ್ಬರೂ ಎದ್ದು ನಿಲ್ಲಲಿಲ್ಲ. ಸಾವಿರ ಕೈ ಎದ್ದವು.

ಆ ಕೈಗಳನ್ನು ಯಾರೂ ಕೇಳಿರಲಿಲ್ಲ. ಆ ವಾಜಂತ್ರಿ ಏರಿದರೆ ನಮ್ಮ ಕಡೆಯ ಕೈ ತಾನೇ ಏಳುತ್ತದೆ, ಮುಷ್ಟಿಯಲ್ಲಿದ್ದದ್ದು ತಾನೇ ಹಾರುತ್ತದೆ. ಮುಷ್ಟಿಯಲ್ಲಿದ್ದದ್ದು ಚುರಮರಿ. ಬಯಲಿನ ತುಂಬ ಬಿಳಿ ಮಳೆ. ಭೀಮಪ್ಪನ ರುಮಾಲಿನ ಮೇಲೆ, ಡೊಳ್ಳಿನ ಮೇಲೆ ಬಿದ್ದು ಮತ್ತೆ ಹಾರಿ, ಪಿಟೀಲಿನ ತಂತಿಯ ನಡುವೆ, ನನ್ನ ತಲೆಯ ಮೇಲೆ, ಪೆಟ್ಟಿಗೆಯ ಮೇಲೆ, ಅದರ ಸಂದಿನೊಳಗೆ. ಗೋಕಾವಿಯವರು ಆ ದಿನ ತಮ್ಮೂರಿನ ಗಟ್ಟಿ ಕರದಂಟು ತಿನ್ನುತ್ತ ಕೂತಿರಲಿಲ್ಲ, ನಾವು ಬದುಕಿದೆವು. ನಾನು ಫೌಜದಾರರ ಕಡೆ ನೋಡಿದೆ. ಅವರ ಬಲಗೈ ಇನ್ನೂ ಮೇಲೆಯೇ ಇತ್ತು, ಅಂಗೈ ಖಾಲಿ. ಹಿಂದಿನ ಪೊಲೀಸನ ಮೀಸೆಯಲ್ಲಿ ಎರಡು ಕಾಳು ಸಿಕ್ಕಿಕೊಂಡಿದ್ದವು. ಫೌಜದಾರರು ತಮ್ಮ ಕೈಯನ್ನು ತಾವೇ ನೋಡಿಕೊಂಡು, ಮೆಲ್ಲಗೆ ಇಳಿಸಿ, ನೋಟಬುಕ್ಕಿನ ಕೆಳಗೆ ಇಟ್ಟರು.

ವಾಜಂತ್ರಿ ನಿಂತಿತು. ಬೇರೆ ಎಲ್ಲ ನಿಂತರೂ ನಾನು ಸುರ ಬಿಡಲಿಲ್ಲ. ಬಿಡು ಎಂದು ಯಾರೂ ಹೇಳಿರಲಿಲ್ಲ. ಮಾಸ್ತರರು ಎತ್ತಿದ ಕೈ ಎತ್ತಿದಂತೆಯೇ ನಿಂತಿದ್ದರು. ಅವರ ಮುಖ ಸಣ್ಣದಾಗಿತ್ತು. ಎದುರಿಗೆ ಸಾವಿರ ಮಂದಿ ಕೂತೇ ಇದ್ದರು. ನಾಲ್ಕು ವರ್ಷದ ಕನಸು ಚುರಮರಿಯಾಗಿ ನೆಲದ ಮೇಲೆ ಬಿದ್ದಿದೆ ಎಂದು ನನಗೂ ಅನಿಸಿತು. ಅಳು ಬಂತು, ಒರೆಸಿಕೊಳ್ಳಲು ಕೈ ಇರಲಿಲ್ಲ.

ಮೂಗಿನಲ್ಲಿ ಹಾಡಿದ ಆ ಮುದುಕಿ ಎದ್ದು, ಉಡಿ ಝಾಡಿಸಿಕೊಂಡು ಮಾಸ್ತರರ ಹತ್ತಿರ ಬಂದಳು. "ಛಲೋ ಆತ್ರಿ ಮಾಸ್ತರ. ಯಾರ ಲಗ್ನಾರಿ ಇದು?" ಎಂದಳು.

ಸನಾದಿಯನ್ನು ಧೋತರದಿಂದ ಒರೆಸುತ್ತಿದ್ದ ಭೀಮಪ್ಪನೇ ಹೇಳಿದ: "ನಾಡ ಅಂದ್ರ ಯಾರ ಮನಿ ಅಂತ ನಾ ಕೇಳಿದ್ನೆಲ್ರಿ ಮಾಸ್ತರ, ನೀವ ಹೇಳಲೇ ಇಲ್ಲ. ಇಷ್ಟ ಮಂದಿ ಕೂಡ್ಯಾರ, ಮೂರೂ ಕಡಿ ಬೀಗರ ಬಂದಾರ. ಲಗ್ನದ ಮನೀನ ಇರಬೇಕು ಅಂತ ತಿಳದ ಬಾರಿಸಿದ್ನಿ. ತಪ್ಪಾಗಿದ್ರ ಹೊಟ್ಟ್ಯಾಗ ಹಾಕೋರಿ."

ಮಾಸ್ತರರು ಅವನನ್ನೇ ನೋಡಿದರು. ಆಮೇಲೆ ಮಂದಿಯನ್ನು ನೋಡಿದರು. ಹುಕ್ಕೇರಿಯವರು ಮೂಡಲಗಿಯವರ ತಲೆಯ ಮೇಲಿನ ಚುರಮರಿ ಕೊಡವುತ್ತಿದ್ದರು. ಯಾರೋ ಯಾರಿಗೋ ಊಟಕ್ಕೆ ಬರ್ರಿ ಎನ್ನುತ್ತಿದ್ದರು. ಎತ್ತಿದ ಕೈ ಇಳಿಸಿ, ಅದೇ ಕೈಯಿಂದ ಭೀಮಪ್ಪನ ಹೆಗಲು ಹಿಡಿದುಕೊಂಡು ಮಾಸ್ತರರು ಅತ್ತರು. ನಗುತ್ತಲೂ ಇದ್ದರು.

"ತಪ್ಪ ನಂದೋ ಭೀಮಪ್ಪ," ಎಂದರು. "ಕಟಾಂಜನದ ಹೊರಗಿಂದ ನೋಡಿ ಬಂದದ್ದನ್ನ ಇವರಿಗೆ ಕಲಸಾಕ ಹೊಂಟಿದ್ನಿ."

ಫೌಜದಾರರು ನೋಟಬುಕ್ಕು ಮುಚ್ಚಿಕೊಂಡು ಹೋದರು. ಅದರಲ್ಲಿ ಏನು ಬರೆದರೋ ತಿಳಿಯದು. ಗೋಕಾವಿಗೆ ಮರಳುವ ಚಕ್ಕಡಿಯಲ್ಲಿ ಮಾಸ್ತರರು ನನ್ನ ಪಕ್ಕದಲ್ಲಿ ಕೂತು, ನನ್ನ ತಲೆಯ ಕಾಳುಗಳನ್ನು ಒಂದೊಂದಾಗಿ ಆರಿಸಿ ತೆಗೆಯುತ್ತಿದ್ದರು.

"ನೀ ಒಗದ್ಯೋ ಇಲ್ಲೋ?" ಎಂದರು.

"ಹೆಂಗ ಒಗೀಲಿರಿ? ಎರಡೂ ಕೈ ಪೆಟಗಿ ಮ್ಯಾಲ ಇದ್ದೂವು. ಬಿಟ್ರ ಸುರ ನಿಲ್ಲತಿತ್ತು."

"ನಾನೂ ಒಗೀಲಿಲ್ಲ. ಕೈ ಮ್ಯಾಲ ಎತ್ತಿದ್ನಿ ಖರೆ, ಅದರಾಗ ಏನೂ ಇರಲಿಲ್ಲ." ಮತ್ತೊಂದು ಕಾಳು ಆರಿಸಿ, "ಅಷ್ಟ ಮಂದ್ಯಾಗ ನಮ್ಮಿಬ್ಬರ ಪಾಳಿ ಉಳೀತು ನೋಡು ತಮ್ಮಾ. ಇನ್ನೊಮ್ಮಿ ಬಾರಸೂಣು. ಆವಾಗ ಬ್ಯಾರೇ ಯಾರನ್ನರೆ ಪೆಟಗಿಗೆ ಕುಂದರ್ಸಿ ನಾವು ಮಂದ್ಯಾಗ ಕುಂದ್ರೂಣು," ಎಂದರು.

ಆ ಇನ್ನೊಮ್ಮೆ ಬರಲಿಲ್ಲ. ಮಾಸ್ತರರು ಹುಚ್ಚೂ ಬಿಡಲಿಲ್ಲ, ಮಗ್ಗಿಯನ್ನೇ ಬಿಟ್ಟು ಚಳವಳಿಗೆ ಹೋದರು, ಜೇಲಿಗೆ ಹೋದರು. ಬರುವಾಗ ಕೆಮ್ಮು ತಂದರು. ಝೆಂಡಾ ಏರುವುದಕ್ಕೆ ಎರಡು ವರ್ಷ ಮೊದಲು ತೀರಿಕೊಂಡರು. ಹೋದ ವರ್ಷ ಸಾಲೆಯ ಬಯಲಿನಲ್ಲಿ ಸೀಟಿ ಊದಿದೊಡನೆ ನಾವೆಲ್ಲ ಎದ್ದು ನೆಟ್ಟಗೆ ನಿಂತೆವು. ನಾನೂ ಸಮಯಕ್ಕೆ ಸರಿಯಾಗಿ ನಿಂತೆ, ತಡ ಮಾಡಲಿಲ್ಲ. ಕಣ್ಣು ತುಂಬಿ ಬಂತು. ಆದರೆ ನನ್ನ ಬಲಗೈ ಮುಷ್ಟಿ ಕಟ್ಟಿತ್ತು, ಒಳಗೆ ಏನೂ ಇರಲಿಲ್ಲ. ಮಾಸ್ತರರು ಇರಬೇಕಾಗಿತ್ತು ಎಂದು ಇಡೀ ದಿನ ಅನಿಸುತ್ತಿತ್ತು.

ಇಮಾಮಸಾಬ ತಿದಿಗೆ ಹೊಸ ಚರ್ಮ ಹಚ್ಚಿದ, ಗುಂಡಿಗೆ ಹೊಸ ಸ್ಪ್ರಿಂಗು ಕೂಡಿಸಿದ, ಕಿವಿ ಹಚ್ಚಿ ಕೇಳಿ ಮುಖ ಸಿಂಡರಿಸಿದ. "ಸುರ ತಪ್ಪೇತ್ರಿ. ಪೇಟೀಗೆ ಹೊಂದೂದಿಲ್ಲ. ಒಂದೀಟ ತಿಕ್ಕಿ ಸರಿ ಮಾಡ್ಲೇನ್ರಿ?"

"ಬ್ಯಾಡ. ಹಂಗ ಇರಲಿ."

"ಸಾಲ್ಯಾಗ ಹುಡುಗೂರು ಹಾಡೂದಿಲ್ಲೇನ್ರಿ?"

"ಹುಡುಗೂರು ಹೊಂದಕೋತಾರ. ನೀ ಒತ್ತಪಾ."

ಅವನು ಒತ್ತಿದ. ಅದೇ ಸುರ. ಎರಡು ಮನೆಗಳ ನಡುವಿನ ಸುರ. ಬೇಸಿಗೆಯ ಸಂಜೆ, ಕೆಂಪು ನೀರು, ಕಡಗ, ಹಿಟ್ಟಿನ ವಾಸನೆ, ಎಲ್ಲ ಕಟ್ಟೆಯ ಮೇಲ್ಗಡೆ ಬಂದು ನಿಂತವು. ನಾನು ಬಾಗಿಲಲ್ಲಿ ನಿಂತಿದ್ದೆ. ಆ ಸುರ ಹೊರಡುತ್ತಿರುವಾಗ ನನ್ನ ಎರಡೂ ಕೈ ಪೆಟ್ಟಿಗೆಯಿಂದ ಬಿಡುವಾಗಿದ್ದದ್ದು ಅದೇ ಮೊದಲು.

ಗೌರವ್ವ ಇಮಾಮಸಾಬನಿಗೆಂದು ಚಹಾ, ಒಂದು ತಾಟಿನಲ್ಲಿ ಚುರಮರಿ ತಂದಳು. ನಾನು ತಾಟಿಗೆ ಕೈ ಹಾಕಿ ಒಂದು ಹಿಡಿ ತುಂಬಿಕೊಂಡೆ. ಅಂಗೈಯಲ್ಲಿದ್ದ ಆ ನಾಲ್ಕು ಹಳೆಯ ಕಾಳೂ ಅದರೊಳಗೆ ಸೇರಿದವು. ಒಗೆದೆ. ಪೆಟ್ಟಿಗೆಯ ಮೇಲೆ, ಇಮಾಮಸಾಬನ ಟೋಪಿಯ ಮೇಲೆ, ಚಹಾದಲ್ಲಿ ಬಿತ್ತು.

ಇಮಾಮಸಾಬ ಬೆಚ್ಚಿ ತಿದಿ ಬಿಟ್ಟ. ಸುರ ನಿಂತಿತು. "ಏನಾತ್ರಿ ಹೆಡಮಾಸ್ತರ?"

"ಬಿಡಬ್ಯಾಡ, ಒತ್ತು."

ಗೌರವ್ವ ನನ್ನ ಮುಖ ನೋಡಿದಳು. ಆ ದಿನ ಮುಂದಿನ ಸಾಲಿನಲ್ಲಿ ಕೂತು ಅವಳು ನನ್ನ ಮೇಲೇ ಗುರಿಯಿಟ್ಟು ಒಗೆದಿದ್ದಳಂತೆ. ಆಗಿನಿಂದ ಹೇಳುತ್ತಲೇ ಇದ್ದಾಳೆ. ಈಗ ಒಲೆಯ ಮಾತು ಆಡಲಿಲ್ಲ, ನಗಲೂ ಇಲ್ಲ.

"ಅವ್ವಾರ ಅಂತಿದ್ದದ್ದ ಖರೆ," ಎಂದಳು. "ನಿಮ್ಮದು ಯಾವಾಗಲೂ ತಡಾನ."

ಇಮಾಮಸಾಬ ಅಂಜುತ್ತ ಅಂಜುತ್ತ ಮತ್ತೆ ಒತ್ತತೊಡಗಿದ. ಸುರ ಎದ್ದಿತು. ಗೌರವ್ವ ತಾಟನ್ನು ನನ್ನ ಕಡೆಗೆ ಸರಿಸಿ ಹಿಡಿದಳು. ಮಾಸ್ತರರ ಪಾಳಿ ಇನ್ನೂ ಉಳಿದಿತ್ತು. ನಾನು ಎರಡನೆಯ ಹಿಡಿ ತುಂಬಿಕೊಂಡೆ.